ಗೋಡೆಯ ಮೇಲಿನ ತೂಕ

ತೂಕ ಯಾವಾಗಿನಿಂದ ಇಳಿಯುತ್ತಿದೆ ಎಂದು ಡಾಕ್ಟರು ಕೇಳಿದರೆ ಬಹಳ ಜನ ತಡವರಿಸುತ್ತಾರೆ. ಪ್ಯಾಂಟು ಸಡಿಲವಾಯಿತು, ಕೈಬಳೆ ಜಾರತೊಡಗಿತು ಎಂದು ಅಂದಾಜಿನ ಮೇಲೆ ಹೇಳುತ್ತಾರೆ. ನನಗೆ ಆ ಕಷ್ಟ ಇರಲಿಲ್ಲ. ಯಾವ ಸೋಮವಾರ ಎಷ್ಟಿದ್ದೆ ಎನ್ನುವುದು ಚನ್ನಗಿರಿಯ ಒಂದು ಗೋಡೆಯ ಮೇಲೆ ಕರಿ ಮಾರ್ಕರಿನಲ್ಲಿ ಬರೆದಿತ್ತು. ಇಳಿದ ಪ್ರತಿ ವಾರದ ಪಕ್ಕದಲ್ಲೂ ನಮ್ಮ ಕೋಚ್ ಒಂದು ರೈಟ್ ಮಾರ್ಕು ಹಾಕಿದ್ದರು. ನಾನು ಸಾಯುವ ದಾರಿ ಹಿಡಿದಿದ್ದಾಗ ನನಗೆ ಸಾಲಾಗಿ ಎಂಟು ರೈಟ್ ಮಾರ್ಕು ಸಿಕ್ಕಿದ್ದವು.

ನಾನು ಗೋವಿನಕೋವಿಯವನು. ಅಪ್ಪ ನ್ಯಾಮತಿಯಲ್ಲಿ ಟೈಲರ್. ಅವ್ವ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾನು ಜು-ಜಿಟ್ಸು ಆಡುತ್ತೇನೆ ಎಂದರೆ ಊರಲ್ಲಿ ಇವತ್ತಿಗೂ ಕೈ ಬೀಸಿ ಕರಾಟೆ ಮಾಡಿ ತೋರಿಸುತ್ತಾರೆ. ಇದು ಹೊಡೆದಾಟವಲ್ಲ, ಹಿಡಿದಾಟ. ಗೀ ಎನ್ನುವ ದಪ್ಪ ಬಟ್ಟೆಯ ಅಂಗಿ ತೊಟ್ಟು, ಒಬ್ಬರನ್ನೊಬ್ಬರು ನೆಲಕ್ಕೆ ಕೆಡವಿ, ಕೈಯೋ ಕಾಲೋ ಕುತ್ತಿಗೆಯೋ ಸಿಕ್ಕಿಸಿ, ಎದುರಾಳಿ ಅಂಗೈಯಿಂದ ತಟ್ಟುವ ತನಕ ಬಿಡಬಾರದು. ತಟ್ಟಿದರೆ ಸೋತೆ ಎಂದು ಒಪ್ಪಿದಂತೆ. ನನ್ನ ಮೊದಲ ಗೀ ಅಪ್ಪ ಟೆಂಟಿನ ಬಟ್ಟೆಯಲ್ಲಿ ಹೊಲಿದು ಕೊಟ್ಟದ್ದು. ಅದು ಒಂದು ವರ್ಷ ನನ್ನ ಕುತ್ತಿಗೆಯ ಚರ್ಮ ಸುಲಿಯಿತು.

ಆಟದ ಆರು ನಿಮಿಷದಲ್ಲಿ ಎದುರಾಳಿಯ ಮುಖ ನಮ್ಮ ಮುಖದಿಂದ ಒಂದು ಗೇಣು ದೂರ ಇದ್ದರೆ ಅದೇ ಹೆಚ್ಚು. ಅವನು ಬಿಟ್ಟ ಉಸಿರನ್ನು ನಾವು ಎಳೆದುಕೊಳ್ಳುತ್ತೇವೆ, ನಾವು ಬಿಟ್ಟದ್ದನ್ನು ಅವನು. ಆಗ ಇದರ ಬಗ್ಗೆ ಯಾರೂ ಯೋಚಿಸುತ್ತಿರಲಿಲ್ಲ.

ನನ್ನ ಎದುರು ಐದು ವರ್ಷ ಹಾಗೆ ಉಸಿರು ಬಿಟ್ಟವನು ರುದ್ರೇಶ. ಬಿಳಿಚೋಡಿನ ಕುರಿ ಸಾಕುವ ಮನೆಯವನು, ಚನ್ನಗಿರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಆಟ ಕಲಿಯುತ್ತಿದ್ದ. ಉಣ್ಣೆ ಕತ್ತರಿಸುವಾಗ ಕುರಿ ಹಿಡಿದು ಹಿಡಿದು ಅವನ ಕೈಗೆ ಒಂದು ಬಿಗಿ ಬಂದಿತ್ತು. ಒಮ್ಮೆ ಹಿಡಿದನೆಂದರೆ ಬಿಡಿಸಿಕೊಳ್ಳಲು ನೋಡುವುದೇ ದಡ್ಡತನ. ಇಬ್ಬರದೂ ಒಂದೇ ವಿಭಾಗ, ಅರವತ್ತೆರಡು ಕೆ.ಜಿ. ಒಳಗಿನದು. ಹಾಗಾಗಿ ಅವನು ನನ್ನ ಗೆಳೆಯನೂ ಹೌದು, ನಾನು ದಾಟಬೇಕಾದ ಮನುಷ್ಯನೂ ಹೌದು.

ನಮ್ಮ ಹಾಲ್ ಮುಚ್ಚಿಹೋದ ಒಂದು ಟಾಕೀಸು. ಸಿನಿಮಾ ಕಾಲದಲ್ಲಿ ಬೆಳಕು ಬರಬಾರದೆಂದು ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಕೋಚ್ ಅವನ್ನು ತೆಗೆಸಿರಲಿಲ್ಲ. ಗಾಳಿ ಬಂದರೆ ಬೆವರು ಆರುತ್ತದೆ, ಬೆವರು ಆರಿದರೆ ತೂಕ ಇಳಿಯುವುದಿಲ್ಲ. ಪಂದ್ಯ ಹತ್ತಿರ ಬಂತೆಂದರೆ ಅದೇ ಕತ್ತಲೆಯಲ್ಲಿ ಮೈಮೇಲೆ ಮಳೆಕೋಟು ಹಾಕಿಕೊಂಡು ಓಡುತ್ತಿದ್ದೆವು, ಅನ್ನ ಬಿಟ್ಟು ನೀರು ಬಿಟ್ಟು ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಉಗುಳುತ್ತಿದ್ದೆವು. ಸೋಮವಾರ ತಕ್ಕಡಿ ಹತ್ತಿ, ತಮ್ಮ ತಮ್ಮ ಹೆಸರಿನ ಕೆಳಗೆ ಅಂಕಿ ಬರೆದುಕೊಳ್ಳಬೇಕು. ಇಳಿದವರಿಗೆ ರೈಟ್ ಮಾರ್ಕು, ಏರಿದವರಿಗೆ ಇಪ್ಪತ್ತು ಸುತ್ತು ಓಟ. ಯಾರೂ ಇನ್ನೊಬ್ಬರ ಸಾಲು ಓದುತ್ತಿರಲಿಲ್ಲ, ತಮ್ಮದನ್ನು ನೋಡಿ ಸಂಕಟಪಡುವುದರಲ್ಲೇ ಹೊತ್ತು ಹೋಗುತ್ತಿತ್ತು.

ಪರದೇಶದಲ್ಲಿ ನಡೆಯಲಿದ್ದ, ಹಲವು ದೇಶಗಳ, ಹಲವು ಆಟಗಳ ಒಂದು ದೊಡ್ಡ ಕ್ರೀಡಾಕೂಟಕ್ಕೆ ನಮ್ಮ ದೇಶದ ಪರವಾಗಿ ಈ ವಿಭಾಗದಿಂದ ಒಬ್ಬನೇ ಹೋಗಬೇಕಿತ್ತು. ಆಯ್ಕೆ ಪಂದ್ಯದ ಕೊನೆಗೆ ಉಳಿದವರು ನಾವಿಬ್ಬರು. ನಾಲ್ಕು ನಿಮಿಷ ರುದ್ರೇಶ ನನ್ನನ್ನು ಅಲ್ಲಾಡಲು ಬಿಡಲಿಲ್ಲ. ಐದನೆಯ ನಿಮಿಷದಲ್ಲಿ ಅವನ ಹಿಡಿತ ಸಡಿಲವಾಯಿತು. ನಾನು ತಿರುಗಿ ಮೇಲೆ ಬಂದೆ, ಎರಡು ಅಂಕದಿಂದ ಗೆದ್ದೆ. ಅವನು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ಕೆಮ್ಮುತ್ತಿದ್ದ. ಸಾಸ್ವೆಹಳ್ಳಿ ರಸ್ತೆಯಲ್ಲಿ ದಿನಾ ಓಡಿದ್ದಕ್ಕೆ ನನಗೆ ದಮ್ಮು ಉಳಿಯಿತು ಎಂದು ನಾನು ಹೊನ್ನಾಳಿಯಿಂದ ನ್ಯಾಮತಿಯವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ರುದ್ರೇಶ ಮುಖ ಊದಿಸಿಕೊಳ್ಳಲಿಲ್ಲ. ಮುಂದಿನ ನಾಲ್ಕು ತಿಂಗಳು ನನ್ನ ತಯಾರಿಗೆ ಅವನೇ ಜೊತೆಗಾರನಾಗಿ ನಿಂತ. ದಿನಕ್ಕೆ ಎರಡು ಹೊತ್ತು ನನ್ನ ಕೆಳಗೆ ಬಿದ್ದು ಎದ್ದ.

ಎರಡು ತಿಂಗಳಾಗುವಷ್ಟರಲ್ಲಿ ಸಂಜೆಯಾದರೆ ನನಗೆ ಮೈ ಬೆಚ್ಚಗಾಗತೊಡಗಿತು. ಬೆಳಗಾಗುವಾಗ ಹಾಸಿಗೆ ಒದ್ದೆ. ಅವ್ವ ಹೆದರಿದಳು. ನಾನು ಹೆದರಲಿಲ್ಲ, ಖುಷಿಪಟ್ಟೆ. ಮಳೆಕೋಟು ಹಾಕಿ ಓಡಿದರೂ ಬಾರದಷ್ಟು ಬೆವರು ಮಲಗಿದಲ್ಲೇ ಬರುತ್ತಿತ್ತು. ಊಟ ಸೇರುತ್ತಿರಲಿಲ್ಲ, ಅದಕ್ಕೂ ಖುಷಿಪಟ್ಟೆ, ಮನಸ್ಸು ಗಟ್ಟಿಯಾಗಿದೆ ಎಂದುಕೊಂಡೆ. ಈ ಸಲ ನನ್ನ ದೇಹ ಮಾತು ಕೇಳುತ್ತಿದೆ ಎಂದು ಕೋಚ್ ಎಲ್ಲರ ಮುಂದೆ ಹೊಗಳಿದರು. ಹುಡುಗರು ಚಪ್ಪಾಳೆ ತಟ್ಟಿದರು. ಬೇರೆ ಯಾವ ಮನೆಯಲ್ಲಾದರೂ ಇದನ್ನು ಒಂದು ವಾರದಲ್ಲಿ ಹಿಡಿಯುತ್ತಿದ್ದರು. ನಾವು ಹಿಡಿಯಲಿಲ್ಲ, ಯಾಕೆಂದರೆ ನಾವು ಬೇಡಿಕೊಳ್ಳುತ್ತಿದ್ದದ್ದೇ ಅದನ್ನು.

ಕೂಟ ನಡೆದ ಊರಿನಲ್ಲಿ ತೂಕ ನೋಡುವ ದಿನ ನಾನು ಅರವತ್ತೂವರೆ ಇದ್ದೆ. ಮಿತಿಗಿಂತ ಒಂದೂವರೆ ಕೆ.ಜಿ. ಕಡಿಮೆ. ಜೀವನದಲ್ಲಿ ಮೊದಲ ಸಲ ತಕ್ಕಡಿ ಹತ್ತುವ ಮುಂಚೆ ನೀರು ಕುಡಿದಿದ್ದೆ. ತೂಕ ಮುಗಿಸಿ ಎಲ್ಲರೂ ಊಟದ ಹಾಲಿಗೆ ಓಡಿದರು. ಅಷ್ಟು ದೊಡ್ಡ ಊಟದ ಮನೆ ನಾನು ಕನಸಿನಲ್ಲೂ ಕಂಡಿರಲಿಲ್ಲ, ಯಾವ ದೇಶದ ಅನ್ನ ಬೇಕೋ ಆ ದೇಶದ ಅನ್ನ. ನಾನು ಒಂದು ಬಾಳೆಹಣ್ಣು ಹಿಡಿದುಕೊಂಡು ಕೂತೆ. ಅದೂ ಮುಗಿಯಲಿಲ್ಲ.

ಮೊದಲ ಪಂದ್ಯ ಹೇಗೋ ಗೆದ್ದೆ. ಎರಡನೆಯದು ಮೂರು ನಿಮಿಷಕ್ಕೆ ಮುಗಿಯಿತು. ಟಿವಿಯಲ್ಲಿ ನೋಡಿದವರಿಗೆ ಎದುರಾಳಿ ನನ್ನ ತೋಳು ಸಿಕ್ಕಿಸಿದ್ದು ಕಂಡಿರಬಹುದು. ನಿಜ ಹೇಳುತ್ತೇನೆ, ಅವನ ಪಟ್ಟು ಇನ್ನೂ ಕೂತೇ ಇರಲಿಲ್ಲ. ಬಿಡಿಸಿಕೊಳ್ಳಲು ನನಗೆ ಬರುತ್ತಿತ್ತು. ಆದರೆ ಮ್ಯಾಟು ಬೆನ್ನಿಗೆ ತಾಗಿತ್ತು, ಮೇಲಿನ ದೀಪಗಳು ಬಹಳ ದೂರ ಇದ್ದವು, ಮತ್ತೆ ಏಳಬೇಕಲ್ಲ ಎನ್ನುವುದು ನೆನಪಾಯಿತು. ತಟ್ಟಿದೆ. ನೋವಿಗೆ ತಟ್ಟಿದವರಿದ್ದಾರೆ, ನಾನು ಮಲಗಿರಬೇಕು ಅನ್ನಿಸಿ ತಟ್ಟಿದವನು. ಇದನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ.

ಊರಿಗೆ ಬಂದಾಗ ಹೊನ್ನಾಳಿಯಲ್ಲಿ ಹಾರ ಹಾಕಿದರು. ಹಾರದ ಭಾರಕ್ಕೆ ಕುತ್ತಿಗೆ ನೋಯುತ್ತಿತ್ತು. ಅಪ್ಪ ಹಾರ ತೆಗೆಯುತ್ತಾ ನನ್ನ ಭುಜ ಮುಟ್ಟಿದವನು ಕೈ ಹಿಂದಕ್ಕೆ ತೆಗೆಯಲಿಲ್ಲ. ಟೈಲರನ ಕೈ, ಟೇಪು ಹಿಡಿಯದೆಯೇ ಅಳತೆ ತಿಳಿಯುತ್ತದೆ. ಎರಡು ಇಂಚು ಹೋಗೈತೆ ಎಂದಷ್ಟೇ ಅಂದ. ಮಾರನೆಯ ದಿನ ಅಂಗಡಿ ತೆರೆಯದೆ ನನ್ನನ್ನು ಹೊನ್ನಾಳಿಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿ ಕಾಯುವುದನ್ನು ಹೇಗೆ ಹೇಳಲಿ. ಸಿಮೆಂಟಿನ ಬೆಂಚು, ಗೋಡೆಗೆ ಒರಗಿದವರ ತಲೆ ತಾಗಿ ತಾಗಿ ಆದ ಎಣ್ಣೆಯ ಕಲೆಗಳು, ಚೀಟಿ ಹಿಡಿದು ಎದ್ದು ಕೂತು ಮಾಡುವ ಜನ. ನಮ್ಮ ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು. ನನ್ನ ಜರ್ಕಿನ್ ಮೇಲೆ ದೇಶದ ಹೆಸರು ನೋಡಿ, ಮಿಲ್ಟ್ರಿನಾ ಎಂದು ಕೇಳಿದಳು. ಅಪ್ಪ ಹೌದು ಎಂದುಬಿಟ್ಟ. ಎಕ್ಸ್‌ರೇ ಆಯಿತು. ಆಮೇಲೆ ಒಂದು ಸಣ್ಣ ಡಬ್ಬಿ ಕೊಟ್ಟು, ಹೊರಗೆ ಬಯಲಲ್ಲಿ ನಿಂತು ಕಫ ತೆಗೆದು ತನ್ನಿ ಎಂದರು. ಬೇವಿನ ಮರದ ಕೆಳಗೆ ನಿಂತೆ. ಬೇಕೆಂದಾಗ ಅರ್ಧ ಲೀಟರ್ ಬೆವರು ಕೊಡಬಲ್ಲವನಿಗೆ ಒಂದು ಚಮಚ ಕಫ ಕೊಡಲು ಆಗಲಿಲ್ಲ, ಎಲ್ಲರೂ ನೋಡುತ್ತಿದ್ದರು. ಅಪ್ಪ ಎದ್ದು ಬಂದು ನನಗೂ ಜನರಿಗೂ ನಡುವೆ ಬೆನ್ನು ಮಾಡಿ ನಿಂತ. ಆಗ ಬಂತು.

ಎರಡು ದಿನ ಬಿಟ್ಟು ಕರೆದು, ಶ್ವಾಸಕೋಶದ ಟೀಬಿ ಎಂದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಬೇಕು, ವಾಸಿಯಾಗುತ್ತೆ ಎಂದು ನಿಧಾನವಾಗಿ ಹೇಳಿದರು. ವಾಸಿಯಾಗುತ್ತೆ ಎನ್ನುವ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ತೂಕ ಯಾವಾಗಿನಿಂದ ಇಳೀತಿದೆ ಎಂದು ಅವರು ಕೇಳಿದ್ದು ಆಗಲೇ. ನಾನು ಗೋಡೆಯ ಅಂಕಿಗಳನ್ನು ಒಂದೊಂದಾಗಿ ಹೇಳುತ್ತಾ ಹೋದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

ಆಮೇಲೆ ಇನ್ನೊಂದು ಕೋಣೆಯಲ್ಲಿ ಆರೋಗ್ಯ ಸಿಬ್ಬಂದಿಯೊಬ್ಬರು ರಿಜಿಸ್ಟರು ತೆಗೆದರು. ಮನೆಯಲ್ಲಿ ಯಾರ್ಯಾರು ಎಂದು ಕೇಳಿದರು. ಅಪ್ಪ, ಅವ್ವ. ಇವರಲ್ಲದೆ ದಿನಾ ಹತ್ತಿರದಲ್ಲಿ ಇರುವವರು, ಜೊತೆಯಲ್ಲಿ ಕೆಲಸ ಮಾಡುವವರು, ಆಡುವವರು? ಯಾರೂ ಇಲ್ಲ ಎಂದೆ. ಅಪ್ಪ ನನ್ನ ಮುಖ ನೋಡಿದ.

ಕಾರಣ ಹೇಳಿದರೆ ಸಮಜಾಯಿಷಿ ಕೊಟ್ಟಂತಾಗುತ್ತದೆ, ಆದರೂ ಹೇಳುತ್ತೇನೆ. ಚನ್ನಗಿರಿಯ ಹಾಲಿಗೆ ಸುದ್ದಿ ಹೋದರೆ ಅದು ಮೂರು ದಿನದಲ್ಲಿ ಗೋವಿನಕೋವಿಗೆ ಬರುತ್ತದೆ. ನನ್ನ ಅವ್ವ ಮಕ್ಕಳಿಗೆ ಬಡಿಸುವವಳು. ಟೀಬಿ ಮನೆಯವಳ ಕೈಯಡುಗೆ ಬೇಡ ಎಂದು ಯಾರಾದರೂ ಒಬ್ಬರು ಅಂದರೆ ಸಾಕು. ಕೈಯಡುಗೆ ಬೇಡ ಎನ್ನುವ ಮಾತು ನಮ್ಮ ಮನೆಗೆ ಹೊಸದಲ್ಲ. ಅವ್ವ ಆ ಕೆಲಸಕ್ಕೆ ಸೇರಿದ ಮೊದಲ ವರ್ಷ ಬೇರೆ ಕಾರಣಕ್ಕೆ ಅದನ್ನು ಕೇಳಿ, ನುಂಗಿ, ಅಲ್ಲೇ ನಿಂತು ಗೆದ್ದವಳು. ನನ್ನಿಂದ ಅದು ಮತ್ತೆ ಬರುವುದು ಬೇಡವಾಗಿತ್ತು. ಇದು ಅರ್ಧ ನಿಜ. ಇನ್ನರ್ಧ ಏನೆಂದರೆ, ಹಾರ ಇನ್ನೂ ಬಾಡಿರಲಿಲ್ಲ, ನನಗೆ ನಾಚಿಕೆಯಾಗಿತ್ತು.

ಮಾತ್ರೆ ಶುರುವಾಯಿತು. ಮೊದಲ ದಿನ ಮೂತ್ರ ಕೆಂಪಗೆ ಬಂದದ್ದು ನೋಡಿ ನಾನೇ ಕೂಗಿಕೊಂಡೆ. ಮಾತ್ರೆಯ ಬಣ್ಣ ಎಂದು ಮೊದಲೇ ಹೇಳಿದ್ದರಂತೆ, ನಾನು ಕೇಳಿಸಿಕೊಂಡಿರಲಿಲ್ಲ. ಹೊಟ್ಟೆ ತೊಳಸು, ಕೀಲು ನೋವು, ಬಾಯಿಗೆ ತಾಮ್ರದ ರುಚಿ. ಎಲ್ಲಕ್ಕಿಂತ ದಣಿವು. ಕೂತರೆ ಏಳುವುದು ಬೇಡ, ಎದ್ದರೆ ನಿಲ್ಲುವುದು ಬೇಡ. ಚಾಪೆಯ ಮೇಲೆ ಮಲಗಿ ಅಪ್ಪನ ಹಳೆಯ ಹೊಲಿಗೆ ಯಂತ್ರದ ಚಕ್ರವನ್ನು ನೋಡುತ್ತಾ ಮಧ್ಯಾಹ್ನ ಕಳೆಯುತ್ತಿದ್ದೆ. ಬುದ್ಧನ ಪಟದ ಕೆಳಗಿನ ಗೂಡಿನಲ್ಲಿ ಅವ್ವ ಮಾತ್ರೆಯ ಪಟ್ಟಿ ಇಡುತ್ತಿದ್ದಳು. ಬೆಳಿಗ್ಗೆ ಒಂದೊಂದೇ ಬಿಡಿಸಿ ನನ್ನ ಅಂಗೈಗೆ ಹಾಕಿ, ನುಂಗುವ ತನಕ ಎದುರು ಕೂರುತ್ತಿದ್ದಳು.

ಆಶಾ ಕಾರ್ಯಕರ್ತೆ ರತ್ನಕ್ಕ ವಾರಕ್ಕೊಮ್ಮೆ ಬರುತ್ತಿದ್ದರು. ಅವರ ಉಪಕಾರ ಮರೆಯುವಂತಿಲ್ಲ. ಮೊದಲು ಎದುರು ಮನೆಗೆ ಹೋಗಿ ಮಗುವಿನ ಲಸಿಕೆ ಕಾರ್ಡು ಕೇಳಿ, ಪಕ್ಕದ ಮನೆಯ ಬಸುರಿಯನ್ನು ಮಾತಾಡಿಸಿ, ಆಮೇಲೆ ಬಾಯಾರಿಕೆಯಾಯಿತು ಎಂದು ನಮ್ಮ ಮನೆಗೆ ನುಗ್ಗುತ್ತಿದ್ದರು. ಓಣಿಯವರಿಗೆ ಅವರು ನೀರು ಕುಡಿಯಲು ಬರುವವರು. ತಿಂಗಳ ತೂಕಕ್ಕೆ ಆಸ್ಪತ್ರೆಗೆ ಹೋದಾಗಲೂ ಅವರೇ ಜೊತೆಗಿದ್ದರು. ನಾನು ಅಭ್ಯಾಸಬಲದಿಂದ ಚಪ್ಪಲಿ ಬಿಚ್ಚಿ, ಬೆಲ್ಟು ಬಿಚ್ಚಿ, ಜೇಬಿನ ಮೊಬೈಲು ತೆಗೆದಿಟ್ಟು, ಎದೆಯ ಉಸಿರೆಲ್ಲ ಹೊರಹಾಕಿ ತಕ್ಕಡಿ ಹತ್ತಿದೆ. ರತ್ನಕ್ಕ ನಕ್ಕರು. ಉಸ್ರು ಯಾಕಪ್ಪ ಬಿಡ್ತಿ, ಇಲ್ಲಿ ಜಾಸ್ತಿ ಆದ್ರೇನೇ ಗೆದ್ದಂಗೆ ಎಂದರು. ಮುಳ್ಳು ಅರ್ಧ ಕೆ.ಜಿ. ಮೇಲೆ ನಿಂತಿತ್ತು. ನನಗೆ ತಪ್ಪು ಮಾಡಿ ಸಿಕ್ಕಿಬಿದ್ದಂತೆ ಅನ್ನಿಸಿತು, ಇನ್ನು ಇಪ್ಪತ್ತು ಸುತ್ತು ಓಡಬೇಕೇನೋ ಎಂಬಂತೆ ಬಾಗಿಲ ಕಡೆ ನೋಡಿದೆ.

ಅದೇ ವಾರ ಅವ್ವ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದಳು. ಶಾಲೆಯ ಹೆಡ್‌ಮಿಸ್ಸಿನ ಹತ್ತಿರ ಹೋಗಿ, ನನ್ನ ಮಗನಿಗೆ ಹಿಂಗಾಗೈತೆ, ನಂದೂ ಪರೀಕ್ಷೆ ಆಗೋ ತನಕ ನಾನು ಒಲೆ ಮುಂದೆ ಬರಲ್ಲ ಎಂದು ಹೇಳಿ ಬಂದಿದ್ದಳು. ಹೆಡ್‌ಮಿಸ್ ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ರಿಪೋರ್ಟು ಬರಲಿ, ನಿಮ್ಮ ಸೌಟು ನಿಮಗೇ ಇರುತ್ತೆ ಎಂದರಂತೆ. ಎಂಟು ದಿನದಲ್ಲಿ ರಿಪೋರ್ಟು ಬಂತು, ಅವ್ವನಿಗೂ ಅಪ್ಪನಿಗೂ ಏನೂ ಇರಲಿಲ್ಲ. ಒಂದಿಬ್ಬರು ಕೆಲವು ದಿನ ಮಕ್ಕಳಿಗೆ ಮನೆಯಿಂದ ಡಬ್ಬಿ ಕಳಿಸಿದರು, ಆಮೇಲೆ ಅವರಿಗೂ ಸಾಕಾಯಿತು.

ನಾನು ಹೆದರಿ ಮುಚ್ಚಿಟ್ಟದ್ದನ್ನು ಅವಳು ಚೀಲದಿಂದ ತರಕಾರಿ ತೆಗೆದಷ್ಟು ಸಲೀಸಾಗಿ ತೆಗೆದಿಟ್ಟಿದ್ದಳು.

"ನಾ ಐವತ್ತು ಮಕ್ಳಿಗೆ ಉಣ್ಣಾಕೆ ಇಕ್ತೀನಿ. ಮುಚ್ಚಿಡಾಕೆ ಆಗ್ತೈತಾ?" ಎಂದಳು. ಹಿಂದೆಯೇ, "ಆ ಬಿಳಿಚೋಡಿನ ಹುಡುಗ ಹೆಂಗದಾನೆ?" ಎಂದು ಕೇಳಿದಳು.

ಒಂದು ತಿಂಗಳಿಂದ ನಾನು ರುದ್ರೇಶನಿಗೆ ಫೋನೇ ಮಾಡಿರಲಿಲ್ಲ. ಅವನು ಮಾಡಿದಾಗ ಎತ್ತಿರಲಿಲ್ಲ.

ಹಿತ್ತಲಿಗೆ ಹೋಗಿ ಫೋನ್ ಮಾಡಿದೆ. ಅವನು ಊರಲ್ಲೇ ಇದ್ದ, ಮುಂದಿನ ಆಯ್ಕೆ ಪಂದ್ಯಕ್ಕೆ ಜಗಳೂರು ರಸ್ತೆಯಲ್ಲಿ ಒಬ್ಬನೇ ಓಡುತ್ತಿದ್ದನಂತೆ. ನಾನು ಹಾಲಿನ ಕಡೆ ಸುಳಿಯದ್ದರಿಂದ ಈ ಸಲ ವಿಭಾಗ ಖಾಲಿ, ಸರದಿ ತನ್ನದು ಎಂದು ನಗಾಡಿದ. ನಗು ಕೆಮ್ಮಿಗೆ ತಿರುಗಿತು. ಕುರಿಹಟ್ಟಿಯ ಧೂಳು ಎಂದ. ನಾನು ಹೇಳಬೇಕು ಅನ್ನುವಷ್ಟರಲ್ಲಿ ಅವನೇ ಹೇಳಿದ.

"ಈ ಸಲ ಮಳೆಕೋಟೇ ಬ್ಯಾಡ ಕಣಲೇ ಸಿದ್ದ. ತೂಕ ತಾನಾಗೇ ಇಳೀತೈತೆ."

ಇದು ನನ್ನದೇ ಮಾತು, ಅವನ ಬಾಯಲ್ಲಿ ಬರುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ನಾಳೆ ಬರುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಹೊನ್ನಾಳಿಯಲ್ಲಿ ಬಸ್ಸು, ದಾವಣಗೆರೆಯಲ್ಲಿ ಇನ್ನೊಂದು ಬಸ್ಸು. ಮಾಸ್ಕು ಹಾಕಿಕೊಂಡು ಕಿಟಕಿ ಪಕ್ಕ ಕೂತೆ. ಬಿಳಿಚೋಡಿನಲ್ಲಿ ಇಳಿಯುವಾಗ ಬಿಸಿಲು ಏರಿತ್ತು. ರುದ್ರೇಶ ಹಟ್ಟಿಯ ಮುಂದೆ ಹಗ್ಗದ ಗಂಟು ಬಿಡಿಸುತ್ತಾ ಕೂತಿದ್ದ. ಅವನ ಕೆನ್ನೆಯ ಮೂಳೆ ನನಗೆ ಬಸ್ ಸ್ಟಾಪಿನಿಂದಲೇ ಕಂಡಿತು. ಅವನ ತಾಯಿ ಮಜ್ಜಿಗೆ ತಂದುಕೊಟ್ಟು ಒಳಗೆ ಬಾ ಎಂದರು, ನಾನು ಹೊರಗೇ ಇರ್ತೀನಿ ಎಂದೆ. ಅವರು ಒಳಗೆ ಹೋದ ಮೇಲೆ ಹೇಳಿದೆ.

"ರುದ್ರ, ನಂಗೆ ಟೀಬಿ ಐತೆ. ಗೊತ್ತಾಗಿ ಒಂದು ತಿಂಗಳಾತು. ಆಸ್ಪತ್ರೆಯಾಗೆ ಜೊತೇಲಿ ಆಡೋರು ಯಾರೂ ಇಲ್ಲ ಅಂತ ಹೇಳಿದೆ. ನಿನ್ ಹೆಸ್ರು ಹೇಳ್ಲಿಲ್ಲ."

ಅವನು ಗಂಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಾನೆ, ಹಗ್ಗ ಎಸೆಯುತ್ತಾನೆ ಎಂದು ಕಾದೆ. ಗಂಟು ಬಿಚ್ಚಿದ ಮೇಲೆ ಕೇಳಿದ, "ನಿಂದು ಯಾವಾಗಿಂದ ಇಳಿದಿದ್ದು?"

ಆಯ್ಕೆ ಪಂದ್ಯ ಆಗಿ ಎರಡು ತಿಂಗಳಿಗೆ ಎಂದೆ. ಅವನು ಕುರಿಗಳ ಕಡೆ ನೋಡಿದ. ಹಂಗಾ ಎಂದ. ಮತ್ತೆ ಎದ್ದು ಅಂಗಿ ಹಾಕಿಕೊಂಡ.

ಜಗಳೂರಿನ ಆಸ್ಪತ್ರೆಯಲ್ಲೂ ಅದೇ ಬೆಂಚು, ಅದೇ ಚೀಟಿ, ಅದೇ ಡಬ್ಬಿ. ಈ ಸಲ ಬೆನ್ನು ಮಾಡಿ ನಿಂತವನು ನಾನು. ಮಾರನೆಯ ದಿನ ಫಲಿತಾಂಶ ಕೇಳಲು ಅವನ ಜೊತೆ ಮತ್ತೆ ಹೋದೆ. ಅವನಿಗೂ ಇತ್ತು. ನನಗಿಂತ ಹೆಚ್ಚು ಹರಡಿತ್ತು, ನನಗಿಂತ ಹೆಚ್ಚು ತಿಂಗಳು ಮಾತ್ರೆ ಬೇಕಾಗಬಹುದು ಎಂದರು. ಅವನು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದ.

"ನೀ ಊರಿಗೆ ಹೋಗು ಸಿದ್ದ," ಎಂದ. "ನಾ ಮಾಡೋ ತನಕ ಫೋನ್ ಮಾಡ್ಬ್ಯಾಡ."

ಅವನ ಸಿಟ್ಟು ನ್ಯಾಯ ಎಂದುಕೊಂಡೆ. ನನ್ನ ಎದೆಯಲ್ಲಿದ್ದದ್ದನ್ನು ನಾಲ್ಕು ತಿಂಗಳು ಅವನ ಮುಖಕ್ಕೆ ಊದಿದ್ದೆ, ಆಮೇಲೆ ಒಂದು ತಿಂಗಳು ಸುಮ್ಮನಿದ್ದೆ. ಆ ಸಂಜೆಯೇ ಕೋಚ್‌ಗೂ ಫೋನ್ ಮಾಡಿ ಹೇಳಿದೆ. ತಂಡದ ಡಾಕ್ಟರಿಗೂ ಬರೆದೆ, ಪರದೇಶದಲ್ಲಿ ನನ್ನ ಜೊತೆ ಆಡಿದ ಇಬ್ಬರಿಗೆ ತಿಳಿಸುತ್ತೇವೆ ಎಂದು ಉತ್ತರ ಬಂತು. ಅವರಿಗೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕೋಚ್ ಹತ್ತು ದಿನಕ್ಕೆ ಗೋವಿನಕೋವಿಗೆ ಬಂದರು. ಒಳಗೆ ಬರದೆ ಕಟ್ಟೆಯ ಮೇಲೆ ಕೂತರು. ಹುಡುಗರನ್ನೆಲ್ಲ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರಂತೆ, ಬೇರೆ ಯಾರಿಗೂ ಕಾಯಿಲೆ ಇರಲಿಲ್ಲ. ಕೆಲವರಿಗೆ ಮುಂಜಾಗ್ರತೆಯ ಮಾತ್ರೆ ಕೊಟ್ಟಿದ್ದರು. ನಾನು ಅವರಿಂದ ಬೈಗುಳ ತಿನ್ನಲು ತಯಾರಾಗಿ ಕೂತಿದ್ದೆ. ಅವರು ಚಹಾದ ಲೋಟ ತಿರುಗಿಸುತ್ತಾ, "ನಾನು ರೈಟ್ ಹಾಕಿದೆ ಕಣಪ್ಪ, ವಾರವಾರ ರೈಟ್ ಹಾಕಿದೆ," ಎಂದರು. ಅಷ್ಟು ಹೇಳಿ ಎದ್ದು ಹೋದರು.

ಉಳಿದ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ಕಾಯಿಲೆಯ ದಿನಗಳು ಒಂದರ ಹಾಗೆ ಒಂದು ಇರುತ್ತವೆ. ಮಾತ್ರೆ, ಮೊಟ್ಟೆ, ನಿದ್ದೆ. ಓಣಿಯ ತುದಿಯವರೆಗೆ ನಡೆದು ಬರುವುದು, ಆಮೇಲೆ ಹೊಳೆಯವರೆಗೆ. ಕೂತು ಕಾಯುವವರಿಗೆ ಒಂದು ಮಾತು ಹೇಳಬಹುದಾದರೆ ಇಷ್ಟೇ: ದಣಿವು ಒಂದು ದಿನ ಹೇಳದೆ ಕೇಳದೆ ಹೋಗಿರುತ್ತದೆ, ಹೋದದ್ದು ನಿಮಗೆ ವಾರ ಕಳೆದ ಮೇಲೆ ಗೊತ್ತಾಗುತ್ತದೆ. ಹೊಸ ಆಯ್ಕೆ ಪಂದ್ಯ ಬಂತು, ಹೋಯಿತು. ನಮ್ಮ ವಿಭಾಗದಲ್ಲಿ ಯಾರೋ ಬೇರೆ ಊರಿನವನು ಗೆದ್ದ. ಆ ದಿನ ನಾನು ರುದ್ರೇಶನ ನಂಬರು ತೆಗೆದು, ಮಾಡದೆ, ಹಾಗೇ ಇಟ್ಟೆ. ನನ್ನ ಕೋರ್ಸು ಮುಗಿಯಿತು. ಕಫ ಸ್ವಚ್ಛ ಎಂದು ಬರೆದು ಕಾರ್ಡು ಕೊಟ್ಟರು. ರತ್ನಕ್ಕ ಆ ದಿನ ನಿಜವಾಗಿಯೂ ಬರೀ ನೀರು ಕುಡಿಯಲು ಬಂದು ಹೋದರು.

ಒಂಬತ್ತು ತಿಂಗಳಾದ ಮೇಲೆ ಫೋನ್ ಬಂತು. ರುದ್ರೇಶನದು. ಮಾತ್ರೆ ಮುಗೀತು, ನಾಡಿದ್ದು ಚನ್ನಗಿರಿಗೆ ಬಾ ಎಂದ.

ಹಾಲಿನ ಬಾಗಿಲಲ್ಲಿ ನನಗೆ ಮೊದಲು ತಾಗಿದ್ದು ಬೆಳಕು. ಕಿಟಕಿಗಳ ಹಲಗೆಗಳನ್ನು ಕಿತ್ತಿದ್ದರು, ಗಾಳಿ ಆ ಕಡೆಯಿಂದ ಈ ಕಡೆಗೆ ಹಾಯುತ್ತಿತ್ತು. ಕತ್ತಲೆಯಲ್ಲಿ ಕಾಣದ ಕೊಳೆಯೆಲ್ಲ ಈಗ ಕಾಣುತ್ತಿತ್ತು. ರುದ್ರೇಶ ಗೋಡೆಯ ಮುಂದೆ ನಿಂತಿದ್ದ. ಮೈ ತುಂಬಿಕೊಂಡಿದ್ದ. ಹತ್ತಿರ ಹೋದೆ. ಕ್ಷಮಿಸು ಎಂದು ಹೇಳಲು ಬಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡು ಬಂದಿದ್ದೆ. ಅವನು ಬಿಡಲಿಲ್ಲ. ಗೋಡೆಯ ಮೇಲೆ ಬೆರಳಿಟ್ಟ.

"ಇದು ನಾವಿಬ್ರೂ ಆಡಿದ ವಾರ. ನೀ ಅರವತ್ತೆರಡು, ನಾ ಅರವತ್ತೆರಡು. ಮುಂದಿನ ವಾರ ನೋಡು."

ಮುಂದಿನ ವಾರ ನನ್ನ ಹೆಸರಿನ ಕೆಳಗೆ ಅರವತ್ತೈದು. ಅದರ ಮುಂದೆ ಅರವತ್ತಾರು. ಪಂದ್ಯ ಮುಗಿದ ಮೇಲೆ ಎಲ್ಲರೂ ಹೊಟ್ಟೆ ಬಿರಿಯ ತಿನ್ನುತ್ತೇವೆ, ಎಲ್ಲರ ತೂಕವೂ ವಾಪಸ್ಸು ಬರುತ್ತದೆ. ಅವನ ಹೆಸರಿನ ಕೆಳಗೆ ಅರವತ್ತೆರಡು ಹಾಗೇ ಇತ್ತು. ಆಮೇಲೆ ಅರವತ್ತೊಂದೂವರೆ. ಆಮೇಲೆ ಅರವತ್ತೊಂದು. ಪಕ್ಕದಲ್ಲಿ ರೈಟ್ ಮಾರ್ಕುಗಳು.

"ಗೆದ್ದೋನು ನೀನು, ನಾಕು ಪ್ಲೇಟ್ ಬಿರಿಯಾನಿ ತಿಂದೋನು ನಾನು. ಏರ್ಲೇ ಇಲ್ಲ," ಎಂದ. "ನೀ ಬಿಳಿಚೋಡಿಗೆ ಬಂದು ಯಾವಾಗಿಂದ ಇಳೀತು ಅಂತ ಹೇಳ್ದಾಗ್ಲೇ ನಂಗೆ ಗೊತ್ತಾತು. ನಂದು ಮೊದ್ಲು. ನಿಂಗೆ ಕೊಟ್ಟೋನು ನಾನು. ಅಷ್ಟು ದೂರ ಹೋಗಿದ್ದಿ, ನಿನ್ನ ಆಟ ನಾ ತಿಂದೆ. ಯಾವ ಮುಖ ಇಟ್ಕಂಡು ಫೋನ್ ಮಾಡ್ಲಿ?"

ನಾನು ಒಂಬತ್ತು ತಿಂಗಳು ಹೊತ್ತದ್ದನ್ನೇ ಅವನೂ ಬಿಳಿಚೋಡಿನಲ್ಲಿ ಕೂತು ಹೊತ್ತಿದ್ದ. ಈ ಕಾಯಿಲೆ ಯಾರ ಮೈಯಲ್ಲಿ ಎಷ್ಟು ಕಾಲ ಸುಮ್ಮನಿದ್ದು ಏಳುತ್ತದೋ ಹೇಳಲಾಗದು, ಯಾರಿಂದ ಯಾರಿಗೆ ಬಂತು ಎಂದು ಹುಡುಕಬೇಡಿ ಎಂದು ಡಾಕ್ಟರಮ್ಮ ನನಗೆ ಹೇಳಿದ್ದರು. ಅದನ್ನೇ ಅವನಿಗೆ ಹೇಳಿದೆ. ಅವನು ತಲೆಯಾಡಿಸಿದ, ಒಪ್ಪಿದನೋ ಇಲ್ಲವೋ.

ನನಗೆ ಆ ಗೋಡೆಯ ಮೇಲೆ ಇನ್ನೊಂದು ಕಾಣುತ್ತಿತ್ತು. ಆಯ್ಕೆ ಪಂದ್ಯದ ಐದನೆಯ ನಿಮಿಷ. ಕುರಿ ಹಿಡಿಯುವ ಆ ಕೈ ಸುಮ್ಮನೆ ಸಡಿಲವಾಗಿರಲಿಲ್ಲ. ನಾನು ಗೆದ್ದದ್ದು ಕಾಯಿಲೆಯವನನ್ನು. ಹಾರ, ಜರ್ಕಿನ್, ಆ ದೊಡ್ಡ ಊಟದ ಮನೆ, ಎಲ್ಲ ಅವನಿಗೆ ಸಲ್ಲಬೇಕಾದದ್ದು. ಹೇಳದಿದ್ದರೆ ಮತ್ತೊಂದು ಹೆಸರು ರಿಜಿಸ್ಟರಿನಿಂದ ಬಿಟ್ಟಂತಾಗುತ್ತಿತ್ತು. ಹೇಳಿದೆ.

ಅವನು ಅಂಕಿಗಳ ಮೇಲೆ ಬೆರಳು ಆಡಿಸಿದ. "ಅವತ್ತು ನಾ ಚೆನ್ನಾಗಿದ್ರೂ ನೀನೇ ಗೆಲ್ತಿದ್ದಿ ಬಿಡು," ಎಂದ.

ಕೋಚ್ ಮಾರ್ಕರು ಹಿಡಿದುಕೊಂಡು ಬಂದರು. ನಾವು ಒಬ್ಬರ ಹಿಂದೆ ಒಬ್ಬರು ತಕ್ಕಡಿ ಹತ್ತಿದೆವು, ಚಪ್ಪಲಿ ಸಮೇತ. ಅವನು ಅರವತ್ತೆಂಟು, ನಾನು ಅರವತ್ತೇಳು. ಅವರು ಎರಡಕ್ಕೂ ರೈಟ್ ಹಾಕಿದರು. ಒಂದೇ ಒಂದು ಸುತ್ತು, ಮೆತ್ತಗೆ ಆಡಿ ಎಂದು ಹೇಳಿ ಪಕ್ಕಕ್ಕೆ ಕೂತರು.

ಹೊಸ ಗೀ ಅಪ್ಪ ಹೊಲಿದು ಕಳಿಸಿದ್ದ, ಎರಡು ಇಂಚು ದೊಡ್ಡದು. ರುದ್ರೇಶ ನನ್ನ ಕಾಲರ್ ಹಿಡಿದ. ಕಿಟಕಿಯ ಗಾಳಿ ನಮ್ಮಿಬ್ಬರ ನಡುವೆ ಬರುತ್ತಿತ್ತು. ನಾನು ತಿರುಗಲು ನೋಡಿದೆ, ಎಡಕ್ಕೆ, ಬಲಕ್ಕೆ. ನನಗೆ ಗೊತ್ತಿದ್ದ ಎಲ್ಲವನ್ನೂ ಮಾಡಿದೆ, ಏನನ್ನೂ ಉಳಿಸಿಕೊಳ್ಳಲಿಲ್ಲ. ಅವನ ಕೈ ಒಂದಿಷ್ಟೂ ಅಲ್ಲಾಡಲಿಲ್ಲ. ಎರಡನೆಯ ನಿಮಿಷಕ್ಕೆ ನನ್ನ ತೋಳು ಅವನಿಗೆ ಸಿಕ್ಕಿತು. ನಾನು ಅಂಗೈಯಿಂದ ಮ್ಯಾಟು ತಟ್ಟಿದೆ. ಈ ಸಲ ದಣಿವಿಗಲ್ಲ. ಅವನ ಹಿಡಿತ ಬಿಗಿಯಾಗಿತ್ತು, ಅದಕ್ಕೆ ತಟ್ಟಿದೆ.